ಕಡೇ ಕಂತಿನ ತಾರೀಖು ಬರೆದುಕೊಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲಿ ಒಂದು ಸಣ್ಣ ಸುದ್ದಿ ಇತ್ತು. ಮಳೆಗೆ ಹೆಸರು, ಈರುಳ್ಳಿ ಹಾಳಾದ ರೈತರ ಬೆಳೆಸಾಲವನ್ನು ಮರುಹೊಂದಾಣಿಕೆ ಮಾಡಿಕೊಡಬೇಕೆಂದು ರೈತರು ತಹಶೀಲ್ದಾರರಿಗೆ ಮನವಿ ಕೊಟ್ಟಿದ್ದಾರೆ ಅಂತ. ಒಟ್ಟು ನಾಲ್ಕೇ ಸಾಲು. ಅದನ್ನು ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದ ಹುಡುಗನೊಬ್ಬ, 'ಸಾಲ ಮನ್ನಾ ಆಗತೈತಂತ' ಅಂದ. ನಾನು ಅಲ್ಲೇ ಕೂತಿದ್ದೆ. ಮನ್ನಾ ಬೇರೆ, ಸಾಲವನ್ನು ವರ್ಷಗಳ ಕಂತು ಮಾಡಿಸೋ ಇದು ಬೇರೆ ಅಂತ ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಚಹಾ ಆರಿತು. ಅವನಿಗೆ ಹೇಳಿದ್ದನ್ನೇ ನಿಮ್ಮ ಓದುಗರಿಗೂ ಹೇಳೋಣ ಅನ್ನಿಸಿ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಕತ್ತರಿಸಬೇಕಾದರೆ ನನ್ನ ಸಂಸಾರದ ಸುದ್ದಿ ಕತ್ತರಿಸಿ, ಲೆಕ್ಕ ಕತ್ತರಿಸಬೇಡಿ.

ನಾನು ನರಗುಂದ ತಾಲ್ಲೂಕಿನ ಮಲಪ್ರಭೆಯ ದಂಡೆಯ ಹಳ್ಳಿಯವನು. ವಯಸ್ಸು 61. ಓದಿದ್ದು ಎಸ್ಸೆಸ್ಸೆಲ್ಸಿ. 4 ಎಕರೆ 30 ಗುಂಟೆ ಎರೆ ಹೊಲ ಇದೆ. ಹನ್ನೊಂದು ವರ್ಷ ಊರಿನ ಹಾಲಿನ ಸೊಸೈಟಿಯಲ್ಲಿ ಲೆಕ್ಕ ಬರೆದೆ. ಅದರಿಂದ ಬಂದ ಚಟ ಒಂದೇ: ಕೊಟ್ಟದ್ದು, ತಂದದ್ದು ಎಲ್ಲವನ್ನೂ ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಗೀಚಿಡುವುದು. ಕೆಳಗಿನ ಅಂಕಿಗಳು ಆ ನೋಟುಬುಕ್ಕಿನವು.

2019ರ ಮೇ ತಿಂಗಳಲ್ಲಿ ಬ್ಯಾಂಕಿನಿಂದ 2,40,000 ರೂಪಾಯಿ ಬೆಳೆಸಾಲ ಎತ್ತಿದ್ದೆ. ಹೆಸರು, ಗೋವಿನಜೋಳ ಹಾಕಿದ್ದೆ, ಒಂದು ಎಕರೆಯಲ್ಲಿ ಉಳ್ಳಾಗಡ್ಡಿ. ಆ ವರ್ಷ ಆಗಸ್ಟ್ 5ಕ್ಕೆ ನಾಗರ ಪಂಚಮಿ. ಪಂಚಮಿ ಉಂಡಿ ಇನ್ನೂ ಡಬ್ಬಿಯಲ್ಲಿ ಇದ್ದವು, ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರು ಊರೊಳಗೆ ಬಂತು. ಕೊಣ್ಣೂರು, ಲಖಮಾಪುರ, ವಾಸನ ಕಡೆಯವರಿಗೆ ಆ ವಾರದ ಬಗ್ಗೆ ನಾನು ಹೊಸದಾಗಿ ಹೇಳಬೇಕಾದ್ದು ಇಲ್ಲ. ಹೆಸರಿಗೆ ಕಾಯಿ ಕಟ್ಟಿತ್ತು. ನೀರು ಇಳಿದ ಮೇಲೆ ಹೋಗಿ ನೋಡಿದರೆ ಹೊಲದ ಮೇಲೆ ಮೊಣಕಾಲುದ್ದ ರೇವೆ ಕೂತಿತ್ತು, ಒಡ್ಡು ಎಲ್ಲಿತ್ತು ಅನ್ನೋದೇ ಗೊತ್ತಾಗಲಿಲ್ಲ.

ಬೆಳೆಸಾಲ ತೆಗೆದುಕೊಂಡವನ ಬೆಳೆ ಹೀಗೆ ಹೋದರೆ ಏನು ಮಾಡಬೇಕು ಅನ್ನುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. ನಮಗೆ ಅನ್ವಯಿಸಿದ್ದು 2018ರ ನಿರ್ದೇಶನ. ಅದರ ಪ್ರಕಾರ ಬೆಳೆ ನಷ್ಟ ಶೇ 33ರಿಂದ 50ರೊಳಗೆ ಇದ್ದರೆ ಸಾಲ ತೀರಿಸಲು ಹೆಚ್ಚೆಂದರೆ 2 ವರ್ಷ. ಶೇ 50 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾಗಿದ್ದರೆ ಹೆಚ್ಚೆಂದರೆ 5 ವರ್ಷ. ಎರಡರಲ್ಲೂ ಮೊದಲ ಒಂದು ವರ್ಷ ಕಂತು ಕಟ್ಟದೆ ಬಿಡುವು, ಆ ವರ್ಷವೂ ಅವಧಿಯೊಳಗೇ ಸೇರಿದ್ದು. (2015ಕ್ಕೆ ಮೊದಲು ಶೇ 50ರಷ್ಟು ಬೆಳೆ ಹೋದರಷ್ಟೇ ಈ ಸೌಲಭ್ಯ ಇತ್ತು. ಆ ವರ್ಷ ಅದನ್ನು 33ಕ್ಕೆ ಇಳಿಸಿದರು. ಒಳ್ಳೆಯದೇ ಆಯಿತು.) ಬಾಕಿ ಇದ್ದ ಬೆಳೆಸಾಲವನ್ನು ಬಡ್ಡಿ ಸಮೇತ ಕಂತಿನ ಸಾಲವಾಗಿ ಮಾಡುತ್ತಾರೆ, ಬಿತ್ತನೆಗೆ ಬೇರೆ ಹೊಸ ಬೆಳೆಸಾಲ ಕೊಡುತ್ತಾರೆ. ಕಾಗದದಲ್ಲಿ ಇದಕ್ಕೆ ಮರುಹೊಂದಾಣಿಕೆ, ಪುನರ್‌ರಚನೆ ಅಂತೆಲ್ಲ ಹೆಸರು. ನಮ್ಮೂರಲ್ಲಿ 'ಕಂತು ಮಾಡಿಸೋದು' ಅಂತೀವಿ.

ಈ ನಿಯಮ ನನಗೆ ಗೊತ್ತಾಗಿದ್ದು ಕಂತು ಮಾಡಿಸಿದ ಮೂರು ವರ್ಷದ ನಂತರ. ಆ ದಿನ ಗೊತ್ತಿದ್ದದ್ದು ಇಷ್ಟು: 2020ರ ಫೆಬ್ರುವರಿ ಕಡೇ ವಾರ, ಶಾಖೆಯ ಎದುರು ಅರವತ್ತು ಎಪ್ಪತ್ತು ಜನ, ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ, ಅದರ ಮೇಲೆ ಪೆನ್ಸಿಲಿನಿಂದ ಗುರುತು ಮಾಡಿದ ಹನ್ನೊಂದು ಕಡೆ ನನ್ನ ಸಹಿ. ಅಸಲು, ಬಡ್ಡಿ ಸೇರಿಸಿ 2,50,000 ಆಗಿತ್ತು. ನಾನು ಒಂದೇ ಒಂದು ಪ್ರಶ್ನೆ ಕೇಳಿದೆ: 'ಸಾಹೇಬ್ರ, ಇದು ಎಂದಿಗೆ ಮುಗಿತೈತ್ರೀ?'

'ಒಂದು ವರ್ಷ ಸೂಟಿ ಐತಿ ಯಜಮಾನ್ರ, ಆರಾಮ್ ಇರ್ರಿ. ಆಮ್ಯಾಲೆ ಮೂರು ವರ್ಷದಾಗ ಮುಗಿಸಿಬಿಡ್ರಿ' ಅಂದರು.

ಅವರು ವರ್ಗವಾಗಿ ಹೋದರು. ಮುಂದಿನ ವರ್ಷ ಬಂದವರು ಕಂಪ್ಯೂಟರ್ ನೋಡಿ 'ಐದು ವರ್ಷ' ಅಂದರು. ಐದು ವರ್ಷ ಅಂದ್ರೆ ಎಂದಿನಿಂದ ಅಂದೆ. ಸೂಟಿ ಮುಗಿದ ಮೇಲೆ ಐದೋ, ಸೂಟಿ ಸೇರಿ ಐದೋ? ಅವರಿಗೆ ಹಿಂದೆ ಸಾಲು ಉದ್ದ ಇತ್ತು, ಉತ್ತರ ಬರಲಿಲ್ಲ. ಮೂರನೆಯವರು ಒಳ್ಳೆಯ ಮನುಷ್ಯ, ಕೂರಿಸಿ ಮಾತಾಡಿದರು. ಆದರೆ 2020ರಲ್ಲಿ ಕೊರೊನಾ ಅಂತ ರಿಸರ್ವ್ ಬ್ಯಾಂಕ್ ಎಲ್ಲ ಕಂತಿನ ಸಾಲಗಳಿಗೆ ಮಾರ್ಚಿನಿಂದ ಆಗಸ್ಟ್‌ವರೆಗೆ ಬಿಡುವು ಕೊಡಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತ್ತಲ್ಲ, ಆ ಆರು ತಿಂಗಳನ್ನೂ ಸೇರಿಸಿ '2025ರ ಆಗಸ್ಟ್ ಇರಬಹುದು' ಅಂದರು. ಒಂದೇ ಸಾಲ, ಒಂದೇ ಶಾಖೆ, ಮೂರು ಉತ್ತರ. ಕಡೆಗೆ ಖಾತೆಯ ಪಟ್ಟಿಯನ್ನು ಮುದ್ರಿಸಿ ತಂದು, ಮಗನಿಂದ ಓದಿಸಿಕೊಂಡು, ನಾನೇ ಲೆಕ್ಕ ಹಾಕಿಕೊಂಡೆ: ನಾಲ್ಕು ಕಂತು, ಒಂದೊಂದೂ ಅಸಲು 62,500. ಗಡುವು 2022, 2023, 2024 ಮತ್ತು 2025ರ ಫೆಬ್ರುವರಿ ಕೊನೆ.

ಈಗ ಸೂಟಿಯ ವಿಷಯ. ಆ ಮಾತು ಕೇಳಿದವನಿಗೆ ಒಂದು ವರ್ಷ ಸಾಲ ಮಲಗಿರುತ್ತದೆ ಅನ್ನಿಸುತ್ತದೆ. ಮಲಗುವುದು ಕಂತು, ಬಡ್ಡಿ ಎದ್ದೇ ಇರುತ್ತದೆ. ಮೊದಲ ವರ್ಷ ಶೇ 7ರಂತೆ 17,500 ಬೆಳೆಯಿತು. ಕೇಂದ್ರದ ಬಡ್ಡಿ ಸಹಾಯಧನ ಇಂಥ ಸಾಲಕ್ಕೆ ಸಾಮಾನ್ಯವಾಗಿ ಮೊದಲ ವರ್ಷ ಮಾತ್ರ, ಎರಡನೇ ವರ್ಷದಿಂದ ಬ್ಯಾಂಕಿನ ಮಾಮೂಲು ದರ. ನನಗೆ ಹಾಕಿದ್ದು ಶೇ 10. ಹಾಗಾಗಿ 2022ರ ಫೆಬ್ರುವರಿಯಲ್ಲಿ 62,500 ಕಟ್ಟಿದರಾಯಿತು ಅಂತ ಹಣ ಜೋಡಿಸಿಕೊಂಡು ಹೋದವನಿಗೆ ಅಲ್ಲಿ ತೋರಿಸಿದ ಮೊತ್ತ 1,05,000. ಅಸಲು 62,500, ಸೂಟಿಯ ವರ್ಷದ ಬಡ್ಡಿ 17,500, ಆಮೇಲಿನ ವರ್ಷದ್ದು 25,000. ಆ ದಿನ ಬ್ಯಾಂಕಿನ ಹೊರಗೆ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮನೆಗೆ ಬಂದು ಹೇಳಿದಾಗ ನಮ್ಮ ಮನೆಯಾಕಿ ಏನೂ ಅನ್ನಲಿಲ್ಲ. ಸಂಜೆ ಟ್ರಂಕಿನಿಂದ ಬೋರಮಾಳ ತೆಗೆದು ನನ್ನ ಮುಂದಿಟ್ಟಳು. ಅದು ಸೊಸೈಟಿಯಲ್ಲಿ ಅಡವು ಬಿತ್ತು. ಅದನ್ನು ಬಿಡಿಸಿಕೊಂಡ ಕಥೆ ಬೇರೆ, ಇಲ್ಲಿ ಬೇಡ.

ಮುಂದಿನ ಮೂರು ಕಂತು 81,250, ನಂತರ 75,000, ಕಡೆಗೆ 68,750. ನಾಲ್ಕೂ ಸೇರಿ 3,30,000. ಅಂದರೆ ಎರಡೂವರೆ ಲಕ್ಷಕ್ಕೆ 80,000 ಬಡ್ಡಿ. ನೆರೆ ಬಾರದೆ, ನಾನು ವರ್ಷದೊಳಗೆ ಬೆಳೆಸಾಲ ತೀರಿಸಿದ್ದರೆ, ಶೇ 7ರಲ್ಲಿ ಸಕಾಲಕ್ಕೆ ಕಟ್ಟಿದವರಿಗೆ ಸಿಗುವ ಶೇ 3 ರಿಯಾಯಿತಿ ಕಳೆದು ಶೇ 4ರಂತೆ ನನ್ನ ಬಡ್ಡಿ 9,600 ಆಗುತ್ತಿತ್ತು. ಬ್ಯಾಂಕು ಅನ್ಯಾಯ ಮಾಡಿತು ಅಂತ ನಾನು ಹೇಳುತ್ತಿಲ್ಲ. ಐದು ವರ್ಷ ಹಣ ಇಟ್ಟುಕೊಂಡವನು ಐದು ವರ್ಷದ ಬಡ್ಡಿ ಕೊಡಬೇಕು, ಸರಿ. ಆದರೆ ಸಹಿ ಹಾಕುವ ದಿನ ಈ 80,000 ಅನ್ನುವ ಅಂಕಿ ಒಂದು ಚೀಟಿಯ ಮೇಲಾದರೂ ನನಗೆ ಕಾಣಿಸಿದ್ದರೆ, ಮೊದಲ ವರ್ಷವೇ ಎತ್ತು ಮಾರಿ ಒಂದಿಷ್ಟು ಕಟ್ಟುತ್ತಿದ್ದೆನೇನೋ. ಸೂಟಿಯಲ್ಲಿ ಕಟ್ಟಬಾರದು ಅಂತೇನೂ ಇಲ್ಲ ಅನ್ನುವುದು ಕೂಡ ನನಗೆ ತಿಳಿಸಿದ್ದು ಆ ಮೂರನೇ ಮ್ಯಾನೇಜರೇ.

ಇನ್ನೊಂದು ನಿಯಮವೂ ಇದೆ. ಬಹಳ ದೊಡ್ಡ ವಿಕೋಪವಾದರೆ, ಕೇಂದ್ರ ತಂಡದ ವರದಿಯ ಮೇಲೆ ಉನ್ನತ ಮಟ್ಟದ ಸಮಿತಿ ತೀರ್ಮಾನಿಸಿದ ಕಡೆ, ಬಡ್ಡಿ ರಿಯಾಯಿತಿಯನ್ನು ಮೊದಲ ವರ್ಷದಾಚೆಗೂ, ಗರಿಷ್ಠ ಐದು ವರ್ಷದವರೆಗೂ ಕೊಡಬಹುದು. 2019ರ ನಮ್ಮ ನೆರೆ ಅದರಲ್ಲಿ ಸೇರಿತ್ತೇ ಅಂತ ಶಾಖೆಯಲ್ಲಿ ಬರೆದುಕೊಟ್ಟು ಕೇಳಿದೆ. ಅರ್ಜಿಗೆ ಸಿಕ್ಕಾ (ಮೊಹರು) ಹಾಕಿಕೊಟ್ಟರು. ಆ ಸಿಕ್ಕಾದ ನಕಲು ನನ್ನ ಹತ್ತಿರ ಇದೆ, ಉತ್ತರ ಇಲ್ಲ.

ಅವಧಿ ಅಂದರೆ ವರ್ಷದ ಲೆಕ್ಕ ಮಾತ್ರ ಅಂದುಕೊಂಡಿದ್ದೆ. ತಿಂಗಳು ಅದಕ್ಕಿಂತ ಹೆಚ್ಚು ಕಾಡಿತು. ಗಡುವು ಫೆಬ್ರುವರಿ ಕೊನೆ ಅಂದೆನಲ್ಲ. ನಮ್ಮ ಎರೆಯಲ್ಲಿ ಹಿಂಗಾರಿ ಕಡಲೆ ರಾಶಿ ಆಗುವುದೇ ಫೆಬ್ರುವರಿಯಲ್ಲಿ. ಬೆಂಬಲ ಬೆಲೆಯ ಖರೀದಿ ಕೇಂದ್ರ ಬಾಗಿಲು ತೆರೆಯುವಷ್ಟರಲ್ಲಿ ಮಾರ್ಚ್, ಹೆಸರು ನೋಂದಾಯಿಸಿ, ಚೀಲ ತೂಗಿಸಿ, ಹಣ ಖಾತೆಗೆ ಬೀಳುವಷ್ಟರಲ್ಲಿ ಏಪ್ರಿಲ್ ಮುಗಿಯುತ್ತದೆ. 2023ರಲ್ಲಿ ಕಡಲೆಗೆ ಬೆಂಬಲ ಬೆಲೆ ಕ್ವಿಂಟಲಿಗೆ 5,335 ರೂಪಾಯಿ. ನಾನು ಕಾಯಲಿಲ್ಲ, ಗಡುವು ತಪ್ಪಿದರೆ ಖಾತೆ ಕೆಡುತ್ತದೆ ಅನ್ನುವ ಹೆದರಿಕೆ. 16 ಕ್ವಿಂಟಲನ್ನು ದಲಾಲರಿಗೆ 4,700ರಂತೆ ಕೊಟ್ಟು 75,200 ತಂದೆ. ಮೇಲಿನ ಆರು ಸಾವಿರ ಹಾಲಿನ ಹಣ. ಗಡುವು ಎರಡು ತಿಂಗಳು ಮುಂದೆ, ಏಪ್ರಿಲ್ ಕೊನೆಗೆ ಇದ್ದಿದ್ದರೆ ಅದೇ ಕಡಲೆಗೆ 10,160 ರೂಪಾಯಿ ಹೆಚ್ಚು ಸಿಗುತ್ತಿತ್ತು. ಆ ವರ್ಷದ ಬಡ್ಡಿಯ ಅರ್ಧಕ್ಕಿಂತ ಹೆಚ್ಚು! ಫೆಬ್ರುವರಿ ಯಾಕೆ ಅಂತ ಕೇಳಿದರೆ, ನಾವು ಸಹಿ ಹಾಕಿದ್ದು ಫೆಬ್ರುವರಿಯಲ್ಲಿ, ಅದಕ್ಕೆ. ರಾಶಿಗೂ ಅದಕ್ಕೂ ಸಂಬಂಧವೇ ಇಲ್ಲ.

ನಮ್ಮ ಮನೆಯಾಕಿಯ ತವರು ಹೊಳೆಯಿಂದ ದೂರ, ಸ್ವಲ್ಪ ಎತ್ತರದ ಊರು. ಅಲ್ಲಿ ನಷ್ಟ ಐವತ್ತರ ಒಳಗೆ ಅಂತ ಆಯಿತು. ಆಕೆಯ ಅಣ್ಣನಿಗೆ ಸಿಕ್ಕಿದ್ದು ಎರಡು ವರ್ಷ. ಕೇಳಲು ಎರಡು ವರ್ಷ, ಲೆಕ್ಕ ಹಾಕಿದರೆ ಒಂದು ವರ್ಷ ಸೂಟಿ, ಮರುವರ್ಷ ಇಡಿಗಂಟು. ಜಂಟಿ ಸಮೀಕ್ಷೆಯವರು ಬರೆದ ಅಂಕಿ ಐವತ್ತರ ಗೆರೆ ದಾಟಿದರೆ ಒಬ್ಬನಿಗೆ ಐದು ವರ್ಷ, ದಾಟದಿದ್ದರೆ ಎರಡು. ನಡುವೆ ಮೂರು, ನಾಲ್ಕು ಅನ್ನುವುದು ಯಾರ ನಾಲಿಗೆಯಿಂದಲೂ ಬರಲಿಲ್ಲ. ಆಕೆಯ ಅಣ್ಣ ಒಂದು ಎಕರೆ ಲಾವಣಿಗೆ, ಅಂದರೆ ಗೇಣಿಗೆ, ಹಾಕಿ ಕಟ್ಟಿದರು.

ಸಂಪಾದಕರೇ, ಇಲ್ಲಿ ಒಂದು ಹಳೆಯ ಕಾಗದದ ಸಂಗತಿ ಹೇಳಲೇಬೇಕು. ನೆರೆ ಇಳಿದ ಮೇಲೆ ನಾವು ಶಾಲೆಯಲ್ಲಿದ್ದೆವು. ತೊಯ್ದ ಟ್ರಂಕಿನಲ್ಲಿದ್ದ ಕಾಗದಗಳನ್ನೆಲ್ಲ ಶಾಲೆಯ ಮಾಳಿಗೆಯ ಮೇಲೆ ಹರವಿ, ಮೇಲೆ ಕಲ್ಲು ಇಟ್ಟು ಒಣಗಿಸಿದೆವು. ಉತಾರ (ಪಹಣಿ), ಪಟ್ಟಿ ಪಾವತಿ, ಲಗ್ನಪತ್ರಿಕೆ, ಮಗನ ಮಾರ್ಕ್ಸ್‌ಕಾರ್ಡು. ಅವುಗಳ ನಡುವೆ ನನ್ನಜ್ಜನ ಹೆಸರಿನ ಒಂದು ತೀರ್ಪಿನ ನಕಲು ಸಿಕ್ಕಿತು.

ನಮ್ಮ ಧಾರವಾಡ ಜಿಲ್ಲೆ (ಆಗ ಗದಗೂ ಅದರಲ್ಲೇ) ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದಾಗ ರೈತರ ಸಾಲಕ್ಕೆ ಒಂದು ಕಾಯ್ದೆ ಇತ್ತು. ಮುಂಬಯಿ ಕೃಷಿ ಸಾಲಗಾರರ ಪರಿಹಾರ ಕಾಯ್ದೆ. ಮೊದಲು 1939ರದ್ದು, ಆಮೇಲೆ 1947ರದ್ದು. ಹಿರಿಯರು ಬಿ.ಎ.ಡಿ.ಆರ್. ಕಾಯ್ದೆ ಅನ್ನುತ್ತಿದ್ದರು. ಸಾಹುಕಾರ ತನ್ನ ಲೆಕ್ಕ ತರಬೇಕು, ರೈತ ತನ್ನದು ಹೇಳಬೇಕು, ಕೋರ್ಟು ಎರಡನ್ನೂ ನೋಡಿ ನಿಜವಾದ ಬಾಕಿ ಎಷ್ಟು ಅಂತ ಗೊತ್ತುಮಾಡಿ ವರ್ಷಕ್ಕೊಂದು ಕಂತಿನಂತೆ ಕಟ್ಟಲು ತೀರ್ಪು ಕೊಡುತ್ತಿತ್ತು. ಅಜ್ಜನ ಸಾಲ ಸಾಹುಕಾರನ ವಹಿಯಲ್ಲಿ 1,100 ರೂಪಾಯಿ. ಕೋರ್ಟು ಅದನ್ನು 640ಕ್ಕೆ ಇಳಿಸಿ, ವರ್ಷಕ್ಕೆ 80ರಂತೆ ಎಂಟು ಕಂತು ಮಾಡಿತ್ತು. ಕಾಗದದ ಕೆಳಗೆ ಎಂಟು ಸಾಲು. 1951 ಮಾರ್ಚ್ 31, 1952 ಮಾರ್ಚ್ 31, ಹೀಗೆ ಒಂದರ ಕೆಳಗೊಂದು, ಕಡೆಯದು 1958 ಮಾರ್ಚ್ 31. ಪ್ರತಿ ಸಾಲಿನ ಮುಂದೆ ಬೇರೆ ಬೇರೆ ಶಾಯಿಯಲ್ಲಿ 'ಮುಟ್ಟಿತು' ಅಂತ ಬರೆದಿದೆ. ಆ ನಡುವೆ 1956ರ ನವೆಂಬರ್ 1ಕ್ಕೆ ರಾಜ್ಯವೇ ಬದಲಾಯಿತು. ಅಜ್ಜನ ಸಾಲ ಮುಂಬಯಿಯಲ್ಲಿ ಶುರುವಾಗಿ ಮೈಸೂರಿನಲ್ಲಿ ತೀರಿತು, ಆದರೆ ಆ ಎಂಟು ತಾರೀಖುಗಳಲ್ಲಿ ಒಂದೂ ಅಲುಗಲಿಲ್ಲ.

ಅಜ್ಜನಿಗೆ ಓದು ಬರುತ್ತಿರಲಿಲ್ಲ. ಆದರೂ ಆ ಕಾಗದ ಮಡಿಚಿದ ಗೆರೆಗಳಲ್ಲಿ ಹರಿದಿರುವುದನ್ನು ನೋಡಿದರೆ ಎಷ್ಟು ಸಲ ತೆಗೆದು ನೋಡಿರಬೇಕು ಅನ್ನಿಸುತ್ತದೆ. ಕಡೇ ಕಂತು ಕಟ್ಟಿ ಬಂದ ದಿನ ಓಣಿಗೆಲ್ಲ ಹೋಳಿಗೆ ಮಾಡಿಸಿದ್ದನಂತೆ, ಅಪ್ಪ ಹೇಳುತ್ತಿದ್ದ. ನನಗೆ ಸಿಟ್ಟು ಬಂದದ್ದು ಅಲ್ಲೇ. ಎಪ್ಪತ್ತು ವರ್ಷದ ಹಿಂದೆ ಹೆಬ್ಬೆಟ್ಟಿನ ರೈತನಿಗೆ ಎಂಟು ತಾರೀಖು ಬರೆದುಕೊಡಲು ಒಬ್ಬ ಗುಮಾಸ್ತನಿಗೆ ಸಾಧ್ಯವಾಗಿತ್ತು. ಕಂಪ್ಯೂಟರ್ ಇಟ್ಟುಕೊಂಡ ಶಾಖೆಯಿಂದ ನನಗೆ ನಾಲ್ಕು ತಾರೀಖು ಸಿಗಲಿಲ್ಲ.

ಅಜ್ಜನ ಕಾಲದವರಿಗೆ 'ದಾಮದುಪ್ಪಟ' ಅನ್ನುವ ಮಾತು ಗೊತ್ತಿತ್ತು. ಬಡ್ಡಿ ಎಷ್ಟೇ ಬೆಳೆಯಲಿ, ಒಂದು ಸಲಕ್ಕೆ ಅಸಲಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಅನ್ನುವ ಹಳೆಯ ನ್ಯಾಯ. ಅದು ಪೂರ್ತಿ ಸತ್ತಿಲ್ಲ. ಸಣ್ಣ ಮತ್ತು ಅತಿ ಸಣ್ಣ ರೈತರ ಅಲ್ಪಾವಧಿ ಸಾಲದಲ್ಲಿ ಖಾತೆಗೆ ಹಾಕುವ ಒಟ್ಟು ಬಡ್ಡಿ ಅಸಲನ್ನು ಮೀರಬಾರದು ಅಂತ ರಿಸರ್ವ್ ಬ್ಯಾಂಕ್ ಇಂದಿಗೂ ಹೇಳುತ್ತದೆ. ಆದರೆ ಕಂತು ಮಾಡಿಸಿದ ಕೂಡಲೇ ಅಲ್ಪಾವಧಿ ಸಾಲ ಅವಧಿ ಸಾಲವಾಗುತ್ತದೆ, ನೋಡಿ. ಹೆಸರು ಬದಲಾದರೆ ನ್ಯಾಯವೂ ಬದಲಾಗುತ್ತದೋ ಏನೋ, ತಿಳಿದವರು ಬರೆಯಲಿ.

ಧಾರವಾಡದಲ್ಲಿ ವಕೀಲಿ ಮಾಡುವ ನನ್ನ ತಂಗಿಯ ಮಗನ ಮುಂದೆ ಇದನ್ನೆಲ್ಲ ಆಡಿಕೊಂಡೆ. ಅವನು ನಗುತ್ತಾ, 'ಮಾಮಾ, ಅಮೆರಿಕದಾಗ ಸಾಲಾ ತೀರಸಾಕ ಆಗದವರು ಕೋರ್ಟಿಗೆ ಹೋದ್ರ ಅಧ್ಯಾಯ 13 ಅಂತ ಐತಿ, ಮೂರರಿಂದ ಐದು ವರ್ಷ. ಐದರ ಮ್ಯಾಲೆ ಒಂದು ದಿನಾನೂ ಕೋರ್ಟು ಒಪ್ಪಂಗಿಲ್ಲ. ಇಂಗ್ಲೆಂಡಿನಾಗ ಸಾಲಗಾರರ ಜೋಡಿ ಮಾಡಿಕೊಳ್ಳೋ ಒಪ್ಪಂದ ಸಾಮಾನ್ಯವಾಗಿ ಐದು, ಆರು ವರ್ಷ' ಅಂದ. ನಮ್ಮಲ್ಲಿ? ನಮ್ಮಲ್ಲಿ 2016ರ ದಿವಾಳಿ ಸಂಹಿತೆಯಲ್ಲಿ ವ್ಯಕ್ತಿಗಳಿಗೂ ಒಂದು ಭಾಗ ಬರೆದಿಟ್ಟಿದ್ದಾರೆ, ಆದರೆ 2019ರ ಡಿಸೆಂಬರಿನಿಂದ ಅದು ಜಾರಿಗೆ ಬಂದಿರುವುದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಉಳಿದವರಿಗೆ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ ಗತಿ. ಹೊಸ ಸಂಹಿತೆಯಲ್ಲಿ ಬಡವರ ಸಾಲ ತೊಳೆದು ಹೊಸದಾಗಿ ಶುರುಮಾಡಿಸುವ ಒಂದು ಅಧ್ಯಾಯವೂ ಇದೆಯಂತೆ: ವರ್ಷದ ಆದಾಯ 60,000 ಮೀರಬಾರದು, ಸಾಲ 35,000 ಮೀರಬಾರದು, ಸ್ವಂತ ಮನೆ ಇರಬಾರದು. 'ಅಷ್ಟು ಬಡವಗ ಸಾಲಾ ಕೊಡೋರು ಯಾರೋ?' ಅಂದೆ. ಅದೂ ಜಾರಿಯಾಗಿಲ್ಲ ಬಿಡು ಅಂದ.

2023ಕ್ಕೆ ಬರೋಣ. ಆ ವರ್ಷ ಮಳೆಯೇ ಇಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ನಾಲ್ಕು ವರ್ಷದ ಹಿಂದೆ ಮುಳುಗಿದ ಹೊಲ ಆ ವರ್ಷ ಬಾಯಿ ಬಿಟ್ಟಿತು. ಎರಡು ಕಂತು ಬಾಕಿ ಇದ್ದವು, ಅದರ ಜೊತೆಗೆ ಹೊಸ ಬೆಳೆಸಾಲ 1,20,000 ಬೇರೆ. ಇದನ್ನು ಪೇಟೆಯ ಓದುಗರು ಗಮನಿಸಬೇಕು: ಕಂತು ಮಾಡಿಸಿದವನ ತಲೆಯ ಮೇಲೆ ಒಂದಲ್ಲ, ಎರಡು ಸಾಲ ಇರುತ್ತವೆ. ಹಳೆಯದರ ಕಂತು, ಹೊಸದರ ಇಡಿಗಂಟು. ಬ್ಯಾಂಕಿನಲ್ಲಿ 'ಮತ್ತೊಮ್ಮೆ ಕಂತು ಮಾಡಿಕೊಡ್ತೀವಿ, ಉಳಿದದ್ದೆಲ್ಲ ಸೇರಿಸಿ ಐದು ವರ್ಷ' ಅಂದರು. ನಾನು ಒಂದು ದಿನ ಟೈಮ್ ಕೇಳಿದೆ.

ರಾತ್ರಿ ಮನೆಯಲ್ಲಿ ಮಾತಾಯಿತು. 'ಏನ್ರೀ, ಈಗಿಂದ ಐದು ವರ್ಷ ಅಂದ್ರ ನಿಮಗ ಎಷ್ಟು ಆಗತೈತಿ?' ಅಂದಳು. 65 ಅಂದೆ. 'ಮತ್ತ ಅವಾಗ ಮಳಿ ಹೋದ್ರ?' ನಾನು ಲೆಕ್ಕ ಮುಂದುವರಿಸಲಿಲ್ಲ. ಎತ್ತಿನ ಜೋಡಿ ಅಮೀನಗಡದ ಸಂತೆಗೆ ಹೋಯಿತು, 75,000 ಕಟ್ಟಿ ಬಂದೆ. ಅಂದಿನಿಂದ ಗಳೆ ಹೊಡೆಯುವುದು ಬಾಡಿಗೆ ಟ್ರ್ಯಾಕ್ಟರಿನಲ್ಲಿ.

ಒಡ್ಡಿನಾಚೆಯ ಹೊಲದವನು ವರಸೆಯಲ್ಲಿ ನನಗೆ ತಮ್ಮನಾಗಬೇಕು. ಅವನು ಒಪ್ಪಿಕೊಂಡ. ತಪ್ಪು ಅನ್ನಲಾರೆ, ಅವನ ಹತ್ತಿರ ಮಾರಲು ಎತ್ತು ಇರಲಿಲ್ಲ, ಇಬ್ಬರು ಹೆಣ್ಣುಮಕ್ಕಳು ಓದುತ್ತಿದ್ದವು. ಹೀಗೆ 2019ರ ಒಂದೇ ನೆರೆಯ ಸಾಲ ನನಗೆ 2025ಕ್ಕೆ, ಅವನಿಗೆ 2029ಕ್ಕೆ. ಹತ್ತು ವರ್ಷ! ಯಾವ ನಿಯಮದಲ್ಲೂ ಹತ್ತು ಅಂತ ಬರೆದಿಲ್ಲ. ಐದರ ಮೇಲೆ ಇನ್ನೊಂದು ಐದು ಕೂತಾಗ ಆಗುವ ಮೊತ್ತ ಅದು.

ನನ್ನ ಕಡೇ ಕಂತು 2025ರ ಫೆಬ್ರುವರಿ 28ರಂದು ಕಟ್ಟಿದೆ. ಅಜ್ಜನಂತೆ ಹೋಳಿಗೆ ಮಾಡಿಸಬೇಕು ಅಂತ ಮನಸ್ಸಿನಲ್ಲಿತ್ತು. ಬಾಕಿ ಇಲ್ಲದ ಪ್ರಮಾಣಪತ್ರ ಕೇಳಿದರೆ ಖಾತೆಯಲ್ಲಿ ಇನ್ನೂ 1,140 ರೂಪಾಯಿ ತೋರಿಸುತ್ತಿದೆ ಅಂದರು. ಯಾವುದೋ ತಪಾಸಣೆ ಶುಲ್ಕವಂತೆ. ಕಟ್ಟಿದೆ. ಮ್ಯಾನೇಜರು ರಜೆ, ಮಾರ್ಚ್ ಲೆಕ್ಕ, ಸರ್ವರ್ ಇಲ್ಲ, ಹೀಗೆ ಪ್ರಮಾಣಪತ್ರ ಕೈಗೆ ಬಂದದ್ದು ಜೂನ್‌ನಲ್ಲಿ. ಅದನ್ನು ಹಿಡಿದು ಉತಾರದ 11ನೇ ಕಾಲಮಿನಲ್ಲಿದ್ದ ಬ್ಯಾಂಕಿನ ಬೋಜಾ, ಅಂದರೆ ಸಾಲದ ನಮೂದು, ತೆಗೆಸಲು ಓಡಾಡಿ, ಬ್ಯಾಂಕಿನ ಹೆಸರು ಮಾಯವಾದ ಉತಾರ ನೋಡಿದ್ದು ಸೆಪ್ಟೆಂಬರಿನಲ್ಲಿ. ಹಾಗಾದರೆ ನನ್ನ ಸಾಲ ನಡೆದದ್ದು ಐದು ವರ್ಷವೋ, ಐದು ವರ್ಷ ಏಳು ತಿಂಗಳೋ?

ಅಲ್ಲಿಗೂ ಮುಗಿಯಲಿಲ್ಲ. ಮಗ ಕಂತಿನಲ್ಲಿ ಬೈಕು ತೆಗೆದುಕೊಳ್ಳಲು ಹೋದ, ಜಾಮೀನಿಗೆ ನನ್ನನ್ನು ಕರೆದ. ಅಂಗಡಿಯ ಹುಡುಗ ನನ್ನ ಸಿಬಿಲ್, ಅಂದರೆ ಹಳೆಯ ಸಾಲಗಳ ದಾಖಲೆ, ತೆಗೆದು ನೋಡಿ 'ಅಂಕಲ್, ನಿಮ್ಮ ಸಾಲ ರೀಸ್ಟ್ರಕ್ಚರ್ ಆಗೇತಿ' ಅಂದ. ವಿಕೋಪದಿಂದ ಹಾಗಾಯಿತು ಅನ್ನುವುದನ್ನೂ ಅದರಲ್ಲೇ ಬರೆದಿರುತ್ತಾರೆ, ಆದರೆ ಆ ಹುಡುಗನ ಫೈನಾನ್ಸಿನವರಿಗೆ ಹೊಳೆಯ ನೀರೂ ಒಂದೇ, ಜೂಜಿನ ಸಾಲವೂ ಒಂದೇ. ಸಾಲದ ಮಾಹಿತಿ ಇಡುವ ಕಂಪನಿಗಳು ಕನಿಷ್ಠ ಏಳು ವರ್ಷ ಈ ದಾಖಲೆ ಇಟ್ಟುಕೊಳ್ಳಬೇಕು ಅಂತ ನಿಯಮವಿದೆ. ಮಗ ಬೈಕು ತಂದ, ಅವನ ಗೆಳೆಯನ ಅಪ್ಪ ಜಾಮೀನು ಬಿದ್ದರು. ಅವತ್ತು ನಾನು ಊಟಕ್ಕೆ ಕೂರಲಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಮನ್ನಾ ಕೇಳುತ್ತಿಲ್ಲ. 2018ರ ಮನ್ನಾ ಘೋಷಣೆಯ ಹೊತ್ತಿನಲ್ಲಿ ಕಟ್ಟುವ ಶಕ್ತಿ ಇದ್ದವರೂ ಕಾದು ಕೂತು ಬಡ್ಡಿ ಬೆಳೆಸಿಕೊಂಡದ್ದನ್ನು ನೋಡಿದವನು ನಾನು. ಕಂತು ಮಾಡಿಕೊಡುವ ದಿನವೇ, ಸಹಿ ಹಾಕುವ ಮೊದಲು, ಕನ್ನಡದಲ್ಲಿ ಒಂದು ಹಾಳೆ ಕೊಡಿ. ಅದರಲ್ಲಿ ಪ್ರತಿ ಕಂತಿನ ತಾರೀಖು, ಅಸಲು ಎಷ್ಟು, ಬಡ್ಡಿ ಎಷ್ಟು, ಒಟ್ಟು ಎಷ್ಟು, ಕಡೇ ತಾರೀಖು ಯಾವುದು ಇರಲಿ. ಅಂಗಡಿಯಿಂದ ಫ್ರಿಜ್ಜು ತರುವವನಿಗೂ 2024ರ ಅಕ್ಟೋಬರಿನಿಂದ ಸಾಲದ ಮುಖ್ಯಾಂಶಗಳ ಹಾಳೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಬೆಳೆ ಮುಳುಗಿ ನಿಂತವನಿಗೂ ಅದನ್ನೇ ಕೊಡಲು ಏನು ಅಡ್ಡಿ? ಗಡುವು ಆ ಸೀಮೆಯ ರಾಶಿ, ಮಾರಾಟ ನೋಡಿ ಇಡಿ. ನಮ್ಮ ಕಡಲೆ ಸೀಮೆಗೆ ಏಪ್ರಿಲ್ ಕೊನೆ ಸರಿ. ಸಾಲ ತೀರಿದ ಮೇಲೆ ಬೋಜಾ ತೆಗೆಸುವ ಕೆಲಸವನ್ನು ಹೇರಿದವರೇ ಮಾಡಲಿ. ವೈಯಕ್ತಿಕ ಸಾಲ ತೀರಿಸಿದವರ ಆಸ್ತಿಪತ್ರವನ್ನು 30 ದಿನದಲ್ಲಿ ಮರಳಿಸದಿದ್ದರೆ ದಿನಕ್ಕೆ 5,000 ರೂಪಾಯಿ ದಂಡ ಅಂತ 2023ರ ಸುತ್ತೋಲೆಯಲ್ಲಿ ಇದೆಯಂತಲ್ಲ. ನಮಗೆ ಐದು ಸಾವಿರ ಬೇಡ, ಐವತ್ತು ಅಂದರೂ ಕೆಲಸ ಬೇಗ ಆಗುತ್ತದೆ.

ನಮ್ಮ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿತು ಅಂತ ಎಲ್ಲ ಭಾಷಣಗಳಲ್ಲಿ ಕೇಳುತ್ತೇವೆ. ನಮ್ಮ ನರಗುಂದದಲ್ಲಿ 1980ರ ಜುಲೈ 21ರಂದು ಸರ್ಕಾರದ ಕರ ಬಾಕಿಯ ವಿರುದ್ಧ ರೈತರು ಎದ್ದು ಗುಂಡೇಟು ತಿಂದರು. ನನಗಾಗ ಹದಿನಾರು, ಅಪ್ಪ ಆ ಮೆರವಣಿಗೆಯಲ್ಲಿದ್ದ. ಅವತ್ತಿನ ಸಿಟ್ಟಿಗೂ ಒಂದು ಕಾರಣ ಇದೇ ಅಂತ ಅಪ್ಪ ಹೇಳುತ್ತಿದ್ದ: 'ಎಷ್ಟು ಕೊಡಬೇಕು ಅಂತ ಹೇಳ್ತಿದ್ರು, ಎಲ್ಲಿಗೆ ಮುಗಿತೈತಿ ಅಂತ ಯಾರೂ ಹೇಳ್ತಿರಲಿಲ್ಲ.'

ಹೋದ ಸೋಮವಾರ ಒಡ್ಡಿನಾಚೆಯ ತಮ್ಮ ತನ್ನ ಕಾಗದ ಹಿಡಿದು ಬಂದಿದ್ದ. ಇಂಗ್ಲಿಷಿನ ಮೂರು ಹಾಳೆ. ಇಬ್ಬರೂ ಕೂತು, ಖಾತೆಯ ಪಟ್ಟಿ ನೋಡಿ, ಅಜ್ಜನ ತೀರ್ಪಿನ ನಕಲಿನಂತೆಯೇ ಒಂದರ ಕೆಳಗೊಂದು ನಾಲ್ಕು ಸಾಲು ಗೆರೆ ಎಳೆದು ತಾರೀಖು ಬರೆದೆವು. ಕಡೆಯದು 2029 ಫೆಬ್ರುವರಿ 28. ಇದು ಸರಿ ಇದೆ ಅಂತ ಕೆಳಗೊಂದು ಸಹಿ ಹಾಕಿ ಕೊಡಿ ಅಂತ ಅವನು ಅದನ್ನು ಶಾಖೆಗೆ ಒಯ್ದಿದ್ದಾನೆ. ಈ ಪತ್ರ ಅಂಚೆಗೆ ಹಾಕುವ ಹೊತ್ತಿಗೆ ಅವನು ಎರಡು ಸಲ ಹೋಗಿ ಬಂದಿದ್ದಾನೆ. ಸಿಕ್ಕಾ ಇನ್ನೂ ಬಿದ್ದಿಲ್ಲ.

ಇಂತಿ ನಿಮ್ಮ ಓದುಗ,
ಮಲಪ್ರಭೆ ದಂಡೆಯ ಒಬ್ಬ ರೈತ
ನರಗುಂದ ತಾಲ್ಲೂಕು, ಗದಗ ಜಿಲ್ಲೆ